ಬದು ಒಂದ ಬಿಟ್ಟು ಉಳಿದದ್ದೆಲ್ಲಾ ಮಾತಾಡೋಣು ಅಂದ್ರ ಹೆಂಗ್ರಿ?

ನಮಸ್ಕಾರ್ರೀ ಎಲ್ಲಾರ್ಗೂ, ಹುಬ್ಬಳ್ಳಿಯಿಂದ ಮಾತಾಡಾಕತ್ತೀನಿ, ಹೊರಗ ಮಳಿ ಜೋರ್ ಐತಿ, ಸೌಂಡ್ ಬಂದ್ರ ಬೇಜಾರಾಗಬ್ಯಾಡ್ರಿ.

ಕುಂದಗೋಳ ಕಡೆ ನಮ್ಮ ಬೀಗರ ಊರಾಗ ಬಾಜೂ ಹೊಲದವ್ರು ಇಬ್ರು ಅದಾರ. ಒಬ್ಬರ ಮನಿ ಮದುವಿಗೆ ಒಬ್ರು ಹೋಗ್ತಾರ, ಕೂಡಿ ಉಣ್ತಾರ, ಬೀಜ ಗೊಬ್ಬರ ಸೈತ ಹಂಚ್ಕೋತಾರ, ಆದ್ರ ಬದುವಿನ ಸುದ್ದಿ ಮಾತ್ರ ಯಾರೂ ತಗಿಯಂಗಿಲ್ಲ. ಬಿತ್ತಗಿ ಬಂತಂದ್ರ ಮತ್ತ ಅದ ಬದುವಿನ ಮ್ಯಾಲ ಬಡಿದಾಟ.

ಸಾರ್ಕ್, ಅಂದ್ರ ದಕ್ಷಿಣ ಏಷ್ಯಾದ ದೇಶಗಳ ಒಕ್ಕೂಟ, ಅಂದ್ರ ನನಗ ಇವರ ನೆನಪಾಗ್ತಾರ. 1985ರಾಗ ಢಾಕಾದಾಗ ಏಳು ದೇಶ ಕೂಡಿ ಕಟ್ಟಿದ್ರು, ಮರುವರ್ಷದ ಶೃಂಗಸಭೆ ನಮ್ಮ ಬೆಂಗಳೂರಾಗ ಆತು, ಆದ್ರ ಚಾರ್ಟರ್‌ನಾಗ ಏನ್ ಬರದಾರ ಅಂದ್ರ ಇಬ್ರ ನಡುವಿನ ತಕರಾರು ಇಲ್ಲಿ ಚರ್ಚಾ ಮಾಡಂಗಿಲ್ಲ ಅಂತ! ಅಲ್ರಿ, ಜಗಳಾನ ಮಾತಾಡಬಾರ್ದು ಅಂದಮ್ಯಾಲ ಚಾ ಕುಡಿಯಾಕ ಕೂಡೂದೇನು? 2014ರಾಗ ಕಠ್ಮಂಡುದಾಗ ಕೂಡಿದ್ದ ಕಡೀಕ. 2016ಕ್ಕ ಇಸ್ಲಾಮಾಬಾದ್‌ದಾಗ ಇತ್ತು, ಕಾಶ್ಮೀರದ ಉರಿ ಅನ್ನೂ ಊರಾಗ ನಮ್ಮ ಸೇನಾ ಶಿಬಿರದ ಮ್ಯಾಲ ಉಗ್ರರ ದಾಳಿ ಆತು, ನಾವು ಬರಂಗಿಲ್ಲ ಅಂದ್ವಿ. ಅದು ತಪ್ಪು ಅಂತ ನಾ ಅನ್ನಂಗಿಲ್ಲ, ಸೈನಿಕರ ಹೆಣ ಮನೀಗ ಬಂದಾಗ ಯಾವ ಸಭೆ.

ಆದ್ರ ಬಾಂಗ್ಲಾದೇಶದ ಜೋಡಿ ನಾವ ಬದು ಅಳದೀವಲ್ಲ? ಛಿಟ್‌ಮಹಲ್ ಅಂತ, ನಮ್ಮ 111 ತುಂಡು ಭೂಮಿ ಅವರ ದೇಶದ ಹೊಟ್ಟಿಯೊಳಗ, ಅವರ 51 ನಮ್ಮೊಳಗ, ಅಲ್ಲಿ ಇದ್ದವ ಸಂತಿಗೆ ಹೋಗಬೇಕಂದ್ರೂ ಪರದೇಶ ದಾಟಬೇಕು, ರೇಶನ್ ಕಾರ್ಡಿಲ್ಲ, ಕಳವಾದ್ರ ಯಾವ ಪೊಲೀಸ್ರಿಗೆ ಹೇಳ್ತಾನ ಪಾಪ. ಇದನ್ನ ಬಗೆಹರಿಸೂ ಗಡಿ ಒಪ್ಪಂದಕ್ಕ ಇಂದಿರಾ ಗಾಂಧಿ, ಬಾಂಗ್ಲಾದ ಮುಜೀಬುರ್ ರಹಮಾನ್ 1974ರಾಗ ಸಹಿ ಹಾಕಿದ್ದು, ಭೂಮಿ ಕೈ ಬದಲಾಗಿದ್ದು 2015ರ ಜುಲೈ 31ರ ಮಧ್ಯರಾತ್ರಿ. ನಾವು ಸುಮಾರು 17,000 ಎಕರೆ ಬಿಟ್ವಿ, 7,000 ಎಕರೆ ತಗೊಂಡ್ವಿ, ಅದಕ್ಕ ಸಂವಿಧಾನ ತಿದ್ದಿದ್ವಿ, ಪಾರ್ಲಿಮೆಂಟಿನಾಗ ಒಬ್ರೂ ವಿರುದ್ಧ ವೋಟ್ ಹಾಕಲಿಲ್ಲ. 2014ರಾಗ ಸಮುದ್ರದ ಗಡಿ ಕೇಸಿನಾಗೂ ಅಂತಾರಾಷ್ಟ್ರೀಯ ನ್ಯಾಯಮಂಡಳಿ ತೀರ್ಪಿನಂಗ ತಕರಾರಿದ್ದ 25,602 ಚದರ ಕಿಲೋಮೀಟರಿನಾಗ 19,467 ಅವರಿಗೆ ಹೋತು, ನಾವು ಒಪ್ಕೊಂಡ್ವಿ. ನ್ಯೂಸ್ ಚಾನಲ್‌ದವ್ರು ಅವತ್ತ ಎಲ್ಲಿ ಮಲಗಿದ್ರೋ ಏನೋ.

ನ್ಯಾಯಮಂಡಳಿ ಹೇಳಿದ್ರ ಎಲ್ಲಾ ಮುಗೀತು ಅಂತನೂ ಅಲ್ಲ ಮತ್ತ. ನವಲಗುಂದ, ನರಗುಂದದವ್ರನ್ನ ಕೇಳ್ರಿ: ಮಹದಾಯಿಯೊಳಗ ನಮಗ 13.42 ಟಿಎಂಸಿ ಅಂತ 2018ರಾಗನ ಹೇಳ್ಯಾರ, ತಕರಾರು ಮಾಡೂ ಗೋವಾ ಏನ್ ಪರದೇಶ ಅಲ್ಲ, ಆದ್ರೂ ಅದರಾಗ ಮಲಪ್ರಭಾಕ್ಕ ಬರಬೇಕಾದ ನೀರು ಇನ್ನೂ ಒಂದು ಹನಿ ಬಂದಿಲ್ಲ.

ಹಾಂ, ಬೀಗರ ಊರಾಗ ಒಬ್ಬಾವ ಹೋದ ತಿಂಗಳ ಹದ್ದುಬಸ್ತಿಗೆ, ಅಂದ್ರ ಸರ್ವೇದವ್ರು ಬಂದು ಬದು ಅಳದು ಗುರುತು ಮಾಡ್ಲಿ ಅಂತ, ಅರ್ಜಿ ಕೊಟ್ಟಾನಂತ. ಇನ್ನೊಬ್ಬಾವ ಸಿಟ್ಟಾಗಿ ಅವನ ಮಗಳ ಮದುವಿಗೆ ಬರಲಿಲ್ಲ.