ಕ್ರಿಸ್‌ಮಸ್ ನಕ್ಷತ್ರ ಮನೆಯ ಹೊರಗೇ ತೂಗುವುದು ಏಕೆ?

[ದೃಶ್ಯ: ಕಾರವಾರ, ಕೋಡಿಬಾಗ ರಸ್ತೆ, ಮುಸ್ಸಂಜೆ. ಜಗಲಿಯ ಸೂರಿನಲ್ಲಿ ಬೆಳಗುತ್ತಿರುವ ಕಾಗದದ ನಕ್ಷತ್ರ]

ನಮ್ಮಲ್ಲಿ ಮಗು ಹುಟ್ಟಿತೆಂದರೆ ಮೊದಲ ಪ್ರಶ್ನೆ ಗಂಡೋ ಹೆಣ್ಣೋ. ಎರಡನೆಯದು, ನಕ್ಷತ್ರ ಯಾವುದು? ಹಾಗಾಗಿ ಡಿಸೆಂಬರಿನಲ್ಲಿ ಕ್ರೈಸ್ತರ ಮನೆಯೆದುರು ತೂಗುವುದು ಯೇಸುವಿನ ಜನ್ಮನಕ್ಷತ್ರ ಎಂದುಕೊಂಡವರು ಬಹಳ. ಅಲ್ಲ. ಜನ್ಮನಕ್ಷತ್ರದಿಂದ ಮಗುವಿನ ಭವಿಷ್ಯ ನೋಡುತ್ತೇವೆ. ಈ ನಕ್ಷತ್ರಕ್ಕೆ ಮಗುವಿನ ಮೇಲೆ ಯಾವ ಅಧಿಕಾರವೂ ಇಲ್ಲ ಎನ್ನುತ್ತದೆ ಕ್ರೈಸ್ತ ನಂಬಿಕೆ. ಮಗುವಿನ ಸೇವೆಗೆ ಬಂದದ್ದೇ ನಕ್ಷತ್ರ. ದಾರಿ ತೋರಿಸಿದರೆ ಅದರ ಕೆಲಸ ಮುಗಿಯಿತು.

ದಾರಿ ಯಾರಿಗೆ? ಹೊರಗಿನವರಿಗೆ.

[ದೃಶ್ಯ: ತೆರೆದ ಕನ್ನಡ ಬೈಬಲ್, ಮತ್ತಾಯ 2ನೇ ಅಧ್ಯಾಯ]

ಯೇಸುವಿನ ಬದುಕು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಈ ನಕ್ಷತ್ರ ಬರುವುದು ಮತ್ತಾಯನಲ್ಲಿ ಮಾತ್ರ. ಲೂಕನಲ್ಲಿ ಕುರುಬರಿಗೆ ದೇವದೂತ ಸುದ್ದಿ ಹೇಳುತ್ತಾನೆ. ಅವರು ಆ ನಾಡಿನವರೇ. ಮತ್ತಾಯನಲ್ಲಿ ಬರುವವರು ಯೆಹೂದ್ಯರಲ್ಲ, ದೂರದವರು. ಹಳೆಯ ಕನ್ನಡ ಬೈಬಲಿನ ಮಾತಿನಲ್ಲಿ 'ಮೂಡಣದೇಶದ ಜೋಯಿಸರು'. ಆಕಾಶ ನೋಡುವವರಿಗೆ ಆಕಾಶದಲ್ಲೇ ಗುರುತು ಸಿಕ್ಕಿತು. ಇದಕ್ಕೂ ಶತಮಾನಗಳ ಹಿಂದಿನ ಮಾತು ಬೈಬಲಿನ ಹಳೆಯ ಒಡಂಬಡಿಕೆಯ ಅರಣ್ಯಕಾಂಡ 24:17ರಲ್ಲಿದೆ: ಯಾಕೋಬನ ವಂಶದಿಂದ ನಕ್ಷತ್ರವೊಂದು ಮೂಡುತ್ತದೆ ಎಂದು. ಹೇಳಿದ ಬಿಳಾಮನೂ ಇಸ್ರಾಯೇಲನಲ್ಲ, ಹೊರಗಿನವನೇ.

ನಕ್ಷತ್ರವೊಂದೇ ಸಾಲಲಿಲ್ಲ ಎಂಬುದನ್ನೂ ಗಮನಿಸಿ. ಅದನ್ನು ಕಂಡು ಹೊರಟವರು ಯೆರೂಸಲೇಮಿಗೆ ಬಂದು ವಿಚಾರಿಸಬೇಕಾಯಿತು. 'ಬೇತ್ಲೆಹೇಮ್' ಎಂಬ ಊರಿನ ಹೆಸರು ಸಿಕ್ಕಿದ್ದು ಪ್ರವಾದಿ ಮೀಕನ ಗ್ರಂಥದಿಂದ. ಆಮೇಲೆ ಮತ್ತೆ ನಕ್ಷತ್ರ ಮುಂದೆ ನಡೆಯಿತು. ಗುರುತು ಹೊರಡಿಸುತ್ತದೆ, ವಾಕ್ಯ ಊರು ತಿಳಿಸುತ್ತದೆ. ನಮ್ಮ ದೃಷ್ಟಿಯಲ್ಲಿ ಈ ಅಧ್ಯಾಯದ ತಿರುಳೇ ಇದು.

ಆ ಜೋಯಿಸರು ಮೂವರು ಎಂದು ಮತ್ತಾಯ ಎಲ್ಲೂ ಬರೆದಿಲ್ಲ. ಮೂರು ಇದ್ದದ್ದು ಕಾಣಿಕೆ: ಚಿನ್ನ, ಧೂಪ, ರಕ್ತಬೋಳವೆಂಬ ಸುಗಂಧದ ಅಂಟು. ಅವರು ಹೊಕ್ಕದ್ದು ಕೊಟ್ಟಿಗೆಯನ್ನಲ್ಲ, ಮನೆಯನ್ನು. ನಕ್ಷತ್ರ ಕಂಡ ಕಾಲವನ್ನು ಅವರಿಂದ ವಿಚಾರಿಸಿಕೊಂಡಿದ್ದ ಅರಸ ಹೆರೋದ, ಆ ಲೆಕ್ಕದಲ್ಲೇ ಎರಡು ವರ್ಷದೊಳಗಿನ ಗಂಡುಮಕ್ಕಳನ್ನು ಕೊಲ್ಲಿಸಿದ. ಅಂದರೆ ಅವರು ಬಂದದ್ದು ಮಗು ಹುಟ್ಟಿ ಕೆಲಕಾಲವಾದ ಮೇಲೆ. ಹಾಗಾಗಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ದೃಶ್ಯ, ಮಾಡುವವರು ಈ ಅತಿಥಿಗಳ ಬೊಂಬೆಗಳನ್ನು ಮೊದಲು ದೂರವಿಟ್ಟು, ದಿನದಿನಕ್ಕೆ ಸ್ವಲ್ಪ ಸರಿಸಿ, ಅವರು ಬಂದ ನೆನಪಿನ ಹಬ್ಬವಾದ ಜನವರಿ 6ಕ್ಕೆ ಕೂಸಿನ ಮುಂದೆ ತಂದರೆ ಮತ್ತಾಯನ ಕಥೆಗೆ ಹತ್ತಿರವಾಗುತ್ತದೆ.

ಅದು ನಿಜವಾದ ನಕ್ಷತ್ರವೇ? ಕ್ರಿ.ಪೂ. 7ರಲ್ಲಿ ಗುರು ಮತ್ತು ಶನಿ ಮೀನ ರಾಶಿಯಲ್ಲಿ ಮೂರು ಸಲ ಹತ್ತಿರ ಬಂದದ್ದು ಲೆಕ್ಕಕ್ಕೆ ಸಿಗುತ್ತದೆ. ಆದರೂ ನಡುವೆ ಸುಮಾರು ಎರಡು ಹುಣ್ಣಿಮೆ ಚಂದ್ರರಷ್ಟು ಅಂತರ ಉಳಿದಿತ್ತು, ಒಂದೇ ಬೆಳಕಾಗಿ ಕಾಣಲಿಲ್ಲ. ಆಕಾಶದ ನಕ್ಷತ್ರ ಒಂದು ಮನೆಯ ಮೇಲೆ ನಿಂತು ತೋರಿಸಲಾರದು, ಆದ್ದರಿಂದ ಇದು ಸಾಮಾನ್ಯ ನಕ್ಷತ್ರವಲ್ಲ ಎಂದು 4ನೇ ಶತಮಾನದ ಸಂತ ಜಾನ್ ಕ್ರಿಸೊಸ್ತೋಮರು ಆಗಲೇ ವಾದಿಸಿದ್ದರು.

ಆಕಾರದ ಬಗ್ಗೆಯೂ ಬೈಬಲಿನಲ್ಲಿ ಒಂದಕ್ಷರವಿಲ್ಲ. ಯೇಸು ಹುಟ್ಟಿದ ಜಾಗವೆಂದು ನಂಬುವ ಬೇತ್ಲೆಹೇಮಿನ ಗುಹೆಯ ನೆಲದಲ್ಲಿರುವ ಬೆಳ್ಳಿ ನಕ್ಷತ್ರಕ್ಕೆ 14 ಮೂಲೆ. ಇಟಲಿಯ ಚಿತ್ರಕಾರ ಜೊತ್ತೊ 1305ರ ಸುಮಾರಿಗೆ ಬಾಲವಿರುವ ಧೂಮಕೇತುವನ್ನೇ ಬಿಡಿಸಿದ; 1301ರಲ್ಲಿ ಹ್ಯಾಲಿ ಧೂಮಕೇತು ಕಂಡಿತ್ತು. ಐದು ಮೂಲೆ ಬಿದಿರಿಗೆ ಒಗ್ಗುವ ಆಕಾರ. ದೀಪಾವಳಿಗೆ ಆಕಾಶಬುಟ್ಟಿ ಕಟ್ಟಿದ ಕೈಗೆ ಇದು ಕಷ್ಟವಲ್ಲ.

[ದೃಶ್ಯ: ನೆಲದ ಮೇಲೆ ಬಿದಿರಿನ ಸೀಳುಗಳು, ಟೇಪು, ಹುರಿ]

90 ಸೆಂಟಿಮೀಟರಿನ ಹತ್ತು ಸೀಳು ಬೇಕು. ಅಗಲ 1 ಸೆಂಟಿಮೀಟರ್, ದಪ್ಪ 3 ಮಿಲಿಮೀಟರ್. ರಾತ್ರಿಯಿಡೀ ನೀರಲ್ಲಿ ನೆನೆಸಿ, ಒಣ ಬಿದಿರು ಬಗ್ಗಿಸಿದಾಗ ಸೀಳುತ್ತದೆ. ಪ್ರತಿ ಸೀಳಿಗೂ ಎರಡೂ ತುದಿಯಿಂದ 34.4 ಸೆಂಟಿಮೀಟರಿಗೆ ಗುರುತು ಹಾಕಿ, ಮಧ್ಯೆ 21.2 ಉಳಿಯಬೇಕು. ಕಡ್ಡಿಗಳು ಒಂದನ್ನೊಂದು ದಾಟುವುದು ಈ ಗುರುತಿನಲ್ಲೇ. ಇದನ್ನು ಬಿಟ್ಟು ಕಣ್ಣಂದಾಜಿಗೆ ಕಟ್ಟಿದರೆ ಒಂದು ಮೂಲೆ ಉದ್ದ, ಇನ್ನೊಂದು ಮೊಂಡು. ಗಿಣ್ಣು ಗುರುತಿನ ಹತ್ತಿರ ಬಾರದಂತೆ ನೋಡಿಕೊಳ್ಳಿ, ಮುರಿಯುವುದು ಅಲ್ಲೇ.

ಐದೈದು ಸೀಳಿನ ಎರಡು ನಕ್ಷತ್ರ ಕಟ್ಟಿ, ಒಂದರ ಮೇಲೊಂದಿಟ್ಟು ಐದೂ ತುದಿ ಬಿಗಿಯಿರಿ. ಅದಾದ ಮೇಲಷ್ಟೇ ಒಳಗಿನ ಐದು ದಾಟುಗಳ ನಡುವೆ 18 ಸೆಂಟಿಮೀಟರಿನ ಗಿಡ್ಡ ಕಡ್ಡಿಗಳನ್ನು ನಿಲ್ಲಿಸಿ ಹುರಿಯಿಂದ ಕಟ್ಟಿ. ಹೊಟ್ಟೆ ಉಬ್ಬುತ್ತದೆ. ಕಡ್ಡಿ ಮೊದಲು, ತುದಿ ಆಮೇಲೆ ಎಂದು ಹೊರಟರೆ ತುದಿಗಳು ಕೂಡುವುದೇ ಇಲ್ಲ.

ಕಾಗದವನ್ನು ಡೊಳ್ಳಿನಂತೆ ಬಿಗಿದು ಅಂಟಿಸಬೇಡಿ. ಕರಾವಳಿಯಲ್ಲಿ ಬೆಳಗಿನ ಇಬ್ಬನಿಗೆ ಅದು ಹಿಗ್ಗಿ ಮಧ್ಯಾಹ್ನದ ಬಿಸಿಲಿಗೆ ಕುಗ್ಗುತ್ತದೆ, ಬಿಗಿದದ್ದು ಹರಿಯುತ್ತದೆ. ಕೆಳಗಿನ ಎರಡು ಮೂಲೆಗಳ ನಡುವಿನ ಒಂದು ಪಕ್ಕ ತೆರೆದಿರಲಿ. ಗಾಳಿಯಾಡಲಿಕ್ಕೂ ಬಲ್ಬ್ ಬದಲಿಸಲಿಕ್ಕೂ ಅದೇ ಬಾಗಿಲು. 5ರಿಂದ 9 ವ್ಯಾಟಿನ ಎಲ್‌ಇಡಿ ಸಾಕು. ಹಳೇ ಕಾಲದ 60 ವ್ಯಾಟಿನ ಬಲ್ಬ್ ಕಾಗದ ಸುಡಬಲ್ಲದು. ವಾಯರ್ ಹೋಲ್ಡರಿಗೆ ಮೇಲಿಂದ ನೇರ ಇಳಿಯಬಾರದು, ಇಬ್ಬನಿ ಅದರಗುಂಟ ಒಳಗಿಳಿಯುತ್ತದೆ. ಸ್ವಲ್ಪ ಕೆಳಗೆ ಜೋತುಬಿಟ್ಟು ಮೇಲಕ್ಕೆ ತನ್ನಿ. ಪ್ಲಗ್ ಕಿತ್ತ ಮೇಲಷ್ಟೇ ಕೈ ಹಾಕಿ.

[ದೃಶ್ಯ: ಸೂರಿಗೆ ಏರುತ್ತಿರುವ ನಕ್ಷತ್ರ, ರಸ್ತೆಯಿಂದ ನೋಟ]

ಮೇಲಿನ ತುದಿಯೊಂದಕ್ಕೇ ಹಗ್ಗ ಕಟ್ಟಿದರೆ ಸಂಜೆಯ ಕಡಲಗಾಳಿಗೆ ತಿರುಗಿ ವಾಯರ್ ತಿರುಚುತ್ತದೆ. ಕೆಳಗಿನ ಎರಡು ತುದಿಗೂ ದಾರ ಕೊಟ್ಟು ಜಗಲಿಯ ಕಂಬಕ್ಕೆ ಬಿಗಿಯಿರಿ. ಮುಖ ರಸ್ತೆಯ ಕಡೆಗಿರಲಿ. ಗೋದಲಿ ಒಳಗೆ, ನಕ್ಷತ್ರ ಹೊರಗೆ: ದಾರಿಹೋಕ ಮೊದಲು ಕಾಣಬೇಕಾದದ್ದು ಇದನ್ನು. ಅವನು ಮೆಟ್ಟಿಲು ಹತ್ತಿ ಬಂದರೆ ಕೂಸು ಕಾಣಬೇಕು. ಗೇಟಿಗೆ ಬೀಗ ಹಾಕಿ ನಕ್ಷತ್ರ ತೂಗಿಸುವುದು ನಮಗೆ ಸರಿಕಾಣುವುದಿಲ್ಲ.

ಮೂವರು ರಾಯರ ಹಬ್ಬವೆನ್ನುವ ಜನವರಿ 6 ಕಳೆದ ಮೇಲೆ ಇಳಿಸಬಹುದು. ಬಲ್ಬ್ ತೆಗೆದು, ಕಾಗದ ಬಿಡಿಸಿ, ಐದು ಗಿಡ್ಡ ಕಡ್ಡಿ ಕಳಚಿದರೆ ನಕ್ಷತ್ರ ಚಪ್ಪಟೆಯಾಗಿ ಅಟ್ಟದ ಮೂಲೆಯಲ್ಲಿ ಕೂರುತ್ತದೆ. ಕಡ್ಡಿಗಳನ್ನು ಅದಕ್ಕೇ ಕಟ್ಟಿಡಿ, ಮುಂದಿನ ವರ್ಷ ಕಾಗದ ಮಾತ್ರ ತಂದರಾಯಿತು.