ಲೆಕ್ಕದ ಮನೆಯಲ್ಲಿ ಹುಳುವೇ ಇರಲಿಲ್ಲ

ನಮಸ್ಕಾರ. ಟೊಮೆಟೊ ಬಾಕ್ಸ್ ಹೇರಿಕೊಂಡು ಕೋಲಾರದ ಮಂಡಿ ಕಡೆ ಹೊರಟವರು, ಹುಳುವಿಗೆ ಸೊಪ್ಪು ಹಾಕುತ್ತಾ ರೇಡಿಯೊ ಕೇಳುತ್ತಿರುವವರು, ಪರೀಕ್ಷೆಗೆ ಓದುತ್ತಿರುವ ಮಕ್ಕಳು, ಎಲ್ಲರಿಗೂ ನಮಸ್ಕಾರ. ಇವತ್ತು ನನಗೆ ಕೊಟ್ಟಿರುವ ವಿಷಯ ಸಂಶೋಧನೆಯಲ್ಲಿ ಕಂಪ್ಯೂಟರ್ ಲೆಕ್ಕ ಮತ್ತು ಪ್ರಯೋಗ. ಹೆಸರು ದೊಡ್ಡದು, ಆದರೆ ನಾನು ಹೇಳಬೇಕಾಗಿರುವುದು ಒಂದೇ ಮಾತು. ಲೆಕ್ಕ ಹಾಕಿ, ಆಮೇಲೆ ಹೋಗಿ ಅಳೆದು ನೋಡಿ. ಹವಾಮಾನ ಇರಲಿ, ಔಷಧಿ ಇರಲಿ, ಆಕಾಶ ಇರಲಿ, ರೇಷ್ಮೆ ಹುಳು ಇರಲಿ, ಎಲ್ಲ ಕಡೆಯೂ ಇದೇ.

ರೇಷ್ಮೆ ಹುಳುವಿನಿಂದಲೇ ಶುರು ಮಾಡುತ್ತೇನೆ. ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವನು. ಕೆಲವು ವರ್ಷಗಳ ಹಿಂದೆ ಕೊನೆಯ ವರ್ಷದ ನಾಲ್ಕು ಮಕ್ಕಳು ಒಂದು ಪ್ರಾಜೆಕ್ಟ್ ತಂದರು. ಅವರಲ್ಲಿ ಒಬ್ಬಳ ಮನೆ ಶಿಡ್ಲಘಟ್ಟದ ಹತ್ತಿರದ ಹಳ್ಳಿ, ಮನೆಯಲ್ಲಿ ರೇಷ್ಮೆ ಬೆಳೆ. ದೊಡ್ಡ ಹುಳುವಿಗೆ 24ರಿಂದ 25 ಡಿಗ್ರಿ ಇದ್ದರೆ ಒಳ್ಳೆಯದು, ಬೇಸಿಗೆಯಲ್ಲಿ ನಮ್ಮ ಕಡೆ ಹೊರಗೆ 35 ದಾಟುತ್ತದೆ. ಹಾಗಾದರೆ ಹುಳು ಮನೆಗೆ ಕಿಟಕಿ ಎಲ್ಲಿಟ್ಟರೆ ಒಳಗೆ ತಂಪಾಗುತ್ತದೆ? ಒಳ್ಳೆಯ ಪ್ರಶ್ನೆ. ಮಕ್ಕಳು ಆ ಮನೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿದರು. ಗೋಡೆ, ಶೀಟು, ಕಿಟಕಿ, ಬಿಸಿಲು ಎಲ್ಲ ಹಾಕಿ, ಒಳಗಿನ ಗಾಳಿಯನ್ನು ಸಾವಿರಾರು ಸಣ್ಣ ಸಣ್ಣ ಡಬ್ಬಗಳಾಗಿ ಕತ್ತರಿಸಿ, ಒಂದು ಡಬ್ಬದ ಶಾಖ ಪಕ್ಕದ ಡಬ್ಬಕ್ಕೆ ಎಷ್ಟು ಹೋಗುತ್ತದೆ ಅಂತ ಲೆಕ್ಕ ಮಾಡಿಸಿದರು. ಕೆಂಪು, ಹಳದಿ, ನೀಲಿ ಬಣ್ಣದ ಚಿತ್ರ ಬಂತು. ಬಹಳ ಚೆನ್ನಾಗಿತ್ತು.

ನಾನು ಕೇಳಿದೆ, "ಅಳೆದು ನೋಡಿದಿರಾ?"

"ಇಲ್ಲ ಸಾರ್, ಸಾಫ್ಟ್‌ವೇರ್ ಕರೆಕ್ಟಾಗೇ ಹೇಳುತ್ತೆ."

ಈ ಮಾತು ಕೇಳಿದರೆ ನನಗೆ ತಡೆಯಲಾಗುವುದಿಲ್ಲ. ಪ್ರತಿ ವರ್ಷ ಕೇಳುತ್ತೇನೆ, ಈಗಂತೂ ಇನ್ನೂ ಜಾಸ್ತಿ. ಆ ಶನಿವಾರವೇ ಹನ್ನೆರಡು ಥರ್ಮಾಮೀಟರ್ ತೆಗೆದುಕೊಂಡು ಎಲ್ಲರೂ ಬಸ್ ಹತ್ತಿದೆವು.

ಮೊದಲ ಕೆಲಸ ಏನು ಗೊತ್ತಾ? ಹನ್ನೆರಡನ್ನೂ ಒಂದೇ ಬಕೆಟ್ ನೀರಿನಲ್ಲಿ ಇಳಿಬಿಟ್ಟೆವು. ನೀರು ಒಂದೇ ಆದ ಮೇಲೆ ಎಲ್ಲವೂ ಒಂದೇ ಸಂಖ್ಯೆ ತೋರಿಸಬೇಕು ಅಲ್ವಾ? ಎರಡು ಮಾತ್ರ ಒಂದೊಂದು ಡಿಗ್ರಿ ಆಚೆ ಈಚೆ ಹೇಳಿದವು. ಅವನ್ನು ಪಕ್ಕಕ್ಕಿಟ್ಟೆವು. ಅಳತೆ ಮಾಡುವ ಸಾಧನವನ್ನೂ ಹೀಗೆ ಅಳೆದೇ ನಂಬಬೇಕು. ಉಳಿದ ಹತ್ತನ್ನು ದಾರ ಕಟ್ಟಿ ಹುಳು ಸಾಕುವ ಸ್ಟ್ಯಾಂಡಿನ ಕೆಳಗೆ, ಮಧ್ಯದಲ್ಲಿ, ಮೇಲೆ ನೇತು ಹಾಕಿ ಗಂಟೆಗೊಮ್ಮೆ ಬರೆದುಕೊಂಡೆವು.

ಹಗಲು ಹೊತ್ತಿನಲ್ಲಿ ಲೆಕ್ಕಕ್ಕೂ ಅಳತೆಗೂ ಹೊಂದಾಣಿಕೆ ಚೆನ್ನಾಗಿತ್ತು. ಮಕ್ಕಳ ಮುಖ ಅರಳಿತು. ರಾತ್ರಿ ಹತ್ತು ಗಂಟೆಗೆ ಕೆಟ್ಟಿತು. ಹೊರಗೆ ತಂಪಾಗಿದೆ, ಲೆಕ್ಕದ ಪ್ರಕಾರ ಒಳಗೂ ತಂಪಾಗಬೇಕು. ಆದರೆ ಸ್ಟ್ಯಾಂಡಿನ ಮಧ್ಯದ ಥರ್ಮಾಮೀಟರುಗಳು ಎರಡೂವರೆ ಡಿಗ್ರಿ ಜಾಸ್ತಿ ತೋರಿಸುತ್ತಿವೆ. ಗೋಡೆಯ ದಪ್ಪ ತಪ್ಪು ಹಾಕಿದೆವಾ, ಶೀಟಿನ ಲೆಕ್ಕ ತಪ್ಪಿತಾ ಅಂತ ಮಕ್ಕಳು ಲ್ಯಾಪ್‌ಟಾಪ್ ಮುಂದೆ ಕೂತು ತಲೆ ಕೆಡಿಸಿಕೊಂಡರು. ಆ ಹುಡುಗಿಯ ತಾಯಿ ರಾತ್ರಿ ಸೊಪ್ಪು ಹಾಕುವುದಕ್ಕೆ ಬಂದರು. "ಏನಮ್ಮಾ, ಇಲ್ಲಿ ಯಾಕಿಷ್ಟು ಬಿಸಿ?" ಅಂತ ಕೇಳಿದೆ. "ನಾಲ್ಕನೇ ಜ್ವರ ಎದ್ದ ಹುಳ ಅಲ್ವಾ ಸಾರ್, ಹಾಸಿಗೆ ಒಳಗೆ ಕೈ ಇಟ್ಟು ನೋಡಿ" ಅಂದರು.

ಜ್ವರ ಅಂದರೆ ಹುಳು ಪೊರೆ ಬಿಡುವ ಹೊತ್ತು, ಹಾಸಿಗೆ ಅಂದರೆ ಹುಳುವೂ ಸೊಪ್ಪೂ ಹರಡಿರುವ ಪದರ. ಕೈ ಇಟ್ಟು ನೋಡಿದೆವು. ಬೆಚ್ಚಗಿತ್ತು. ಹುಳು ತನ್ನ ಇಡೀ ಜನ್ಮದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಭಾಗಕ್ಕಿಂತ ಜಾಸ್ತಿ ತಿನ್ನುವುದು ಈ ಕೊನೆಯ ಹಂತದಲ್ಲಿ. ಸಾವಿರಾರು ಹುಳು ಒಟ್ಟಿಗೆ ಮೇಯುತ್ತವೆ, ಉಸಿರಾಡುತ್ತವೆ, ಹಿಕ್ಕೆಯೂ ಉಳಿದ ಸೊಪ್ಪೂ ಹಾಸಿಗೆಯಲ್ಲೇ ಕೊಳೆಯುತ್ತವೆ, ಇದೆಲ್ಲ ಸೇರಿ ಶಾಖ. ಮಕ್ಕಳು ಗೋಡೆ ಹಾಕಿದ್ದರು, ಕಿಟಕಿ ಹಾಕಿದ್ದರು, ಬಿಸಿಲು ಹಾಕಿದ್ದರು. ಅವರ ಲೆಕ್ಕದ ಮನೆಯಲ್ಲಿ ಹುಳುವೇ ಇರಲಿಲ್ಲ!

ಕಂಪ್ಯೂಟರ್ ತಪ್ಪು ಮಾಡಿತಾ? ಇಲ್ಲ. ಖಾಲಿ ಮನೆಯ ಲೆಕ್ಕ ಕೇಳಿದರು, ಖಾಲಿ ಮನೆಯ ಲೆಕ್ಕವನ್ನೇ ಕೊಟ್ಟಿತು. ಹುಳು ಬಿಟ್ಟುಹೋಗಿದೆ ಅಂತ ಅದು ಹೇಳುವುದಿಲ್ಲ. ಹೇಳಿದ್ದು ದಾರದಲ್ಲಿ ನೇತು ಹಾಕಿದ ಥರ್ಮಾಮೀಟರ್.

ಮುಂದಿನ ಭಾಗ ಇನ್ನೂ ಮುಖ್ಯ, ಯಾಕೆಂದರೆ ಸುಮ್ನೆ ಕಂಪ್ಯೂಟರನ್ನು ಬೈದು ಹೋಗುವವನಲ್ಲ ನಾನು. ಮಕ್ಕಳು ಹುಳುವಿನ ಶಾಖ ಸೇರಿಸಿದರು. ಎಷ್ಟು ಸೇರಿಸಬೇಕು? ಮೊದಲ ಮೂರು ರಾತ್ರಿಯ ಅಳತೆಗೆ ಸರಿಹೊಂದುವಷ್ಟು. ಆಮೇಲೆ ಲೆಕ್ಕವನ್ನು ಮುಟ್ಟದೆ, ಅದು ನೋಡಿಯೇ ಇರದ ಮುಂದಿನ ಎರಡು ರಾತ್ರಿಯ ಅಳತೆ ತೆಗೆದು ಪಕ್ಕದಲ್ಲಿಟ್ಟೆವು. ಹೊಂದಿತು. ಆಗ ನಾನು ಒಪ್ಪಿದೆ. ಗೊತ್ತಿರುವ ಉತ್ತರಕ್ಕೆ ಲೆಕ್ಕ ಹೊಂದಿಸುವುದು ಯಾರಿಗಾದರೂ ಬರುತ್ತದೆ, ಗೊತ್ತಿಲ್ಲದ ಉತ್ತರಕ್ಕೆ ಹೊಂದಬೇಕು. ಆಮೇಲೆ ಒಂದೇ ರಾತ್ರಿಯಲ್ಲಿ ಹದಿನೆಂಟು ಥರ ಕಿಟಕಿ ಇಟ್ಟು ನೋಡಿದರು. ನಿಜವಾದ ಮನೆಯಲ್ಲಾದರೆ ಹದಿನೆಂಟು ಸಲ ಗೋಡೆ ಒಡೆಯಬೇಕಿತ್ತು, ಯಾವ ತಾಯಿ ಒಪ್ಪುತ್ತಾಳೆ? ಕೊನೆಗೆ ಒಂದನ್ನು ಆರಿಸಿದರು. ಉತ್ತರದ ಗೋಡೆಯಲ್ಲಿ ನೆಲದ ಹತ್ತಿರ ಒಂದು ಕಂಡಿ, ಎದುರು ಗೋಡೆಯಲ್ಲಿ ಶೀಟಿನ ಕೆಳಗೆ ಇನ್ನೊಂದು. ತಂಪು ಗಾಳಿ ಕೆಳಗೆ ಬರಲಿ, ಬಿಸಿ ಗಾಳಿ ಮೇಲೆ ಹೋಗಲಿ ಅಂತ. ಮುಂದಿನ ಬೆಳೆಯಲ್ಲಿ ಮತ್ತೆ ಅಳೆದೆವು. ಸೆಕೆ ಇಳಿದಿತ್ತು. ಲೆಕ್ಕ ಹೇಳಿದಷ್ಟು ಇಳಿದಿರಲಿಲ್ಲ, ಅದನ್ನೂ ವರದಿಯಲ್ಲಿ ಬರೆಸಿದೆ.

ಅಯ್ಯೋ, ಸಮಯ ಬಹಳ ಹೋಯಿತು. ಉಳಿದದ್ದು ಬೇಗ ಹೇಳುತ್ತೇನೆ.

ಗಾಳಿಯನ್ನು ಡಬ್ಬ ಮಾಡಿ ಲೆಕ್ಕ ಹಾಕುವ ಈ ದಾರಿ ಹಳೆಯದು. ಮೊದಲ ಮಹಾಯುದ್ಧದಲ್ಲಿ ಆಂಬುಲೆನ್ಸ್ ಕೆಲಸ ಮಾಡುತ್ತಿದ್ದ ರಿಚರ್ಡ್‌ಸನ್ ಎಂಬ ಇಂಗ್ಲೆಂಡಿನವರು ಯುರೋಪಿನ ನಕ್ಷೆಯನ್ನು ಚೌಕ ಮಾಡಿ, ಆರು ಗಂಟೆಗಳ ಹವಾಮಾನವನ್ನು ಕೈಯಲ್ಲೇ ಲೆಕ್ಕ ಹಾಕಿದರು. ಗಾಳಿಯ ಒತ್ತಡ 145 ಮಿಲಿಬಾರ್ ಏರುತ್ತದೆ ಅಂತ ಬಂತು. ಆ ದಿನ ನಿಜವಾಗಿ ಅಳೆದ ಒತ್ತಡ ಹೆಚ್ಚುಕಡಿಮೆ ಬದಲಾಗಿರಲೇ ಇಲ್ಲ. 1922ರಲ್ಲಿ ಅವರು ಅದನ್ನು ಮುಚ್ಚಿಡದೆ ಅಚ್ಚು ಹಾಕಿಸಿದರು. ದಾರಿ ಸರಿಯಿತ್ತು, ಶುರುವಿಗೆ ಹಾಕಿದ ಅಂಕಿಗಳಲ್ಲಿ ತೊಂದರೆ ಇತ್ತು ಅಂತ ಆಮೇಲೆ ಗೊತ್ತಾಯಿತು. ಇವತ್ತು ಮಳೆ ಮುನ್ಸೂಚನೆ ಬರುವುದು ಅದೇ ದಾರಿಯಲ್ಲಿ.

ಇನ್ನು ನಮ್ಮ ಕೋಲಾರ ಚಿನ್ನದ ಗಣಿ. ನಿಮ್ಮ ಅಂಗೈ ಮೇಲೆ ಸೆಕೆಂಡಿಗೆ ಒಂದಾದರೂ ಮ್ಯೂವಾನ್ ಎಂಬ ಕಣ ಆಕಾಶದಿಂದ ಬೀಳುತ್ತಿರುತ್ತದೆ. ಗಣಿಯ ಒಳಗೆ, ಎರಡೂವರೆ ಕಿಲೋಮೀಟರಿಗೂ ಆಳದಲ್ಲಿ, ವಿಜ್ಞಾನಿಗಳು ಎರಡು ತಿಂಗಳು ಕಾದರು. ಒಂದೂ ಬರಲಿಲ್ಲ. ಆ ಸೊನ್ನೆ ಅವರಿಗೆ ಚಿನ್ನಕ್ಕಿಂತ ಜಾಸ್ತಿ. ಮ್ಯೂವಾನ್‌ಗಳ ಗದ್ದಲ ಇಲ್ಲದೆ ಅಷ್ಟು ನಿಶ್ಶಬ್ದ ಇದ್ದರೆ ಮಾತ್ರ, ಬಹಳ ಅಪರೂಪಕ್ಕೆ ಸಿಗುವ ನ್ಯೂಟ್ರಿನೊ ಎಂಬ ಇನ್ನೊಂದು ಕಣ ಕಾಣಲು ಸಾಧ್ಯ ಅಂತ ಲೆಕ್ಕ ಹೇಳಿತ್ತು. 1965ರಲ್ಲಿ ಅಲ್ಲೇ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊದ ಗುರುತು ಸಿಕ್ಕಿತು. ಜಗತ್ತಿನ ಮೊದಲ ಗುರುತುಗಳಲ್ಲಿ ಅದು ಒಂದು. ನಮ್ಮ ಜಿಲ್ಲೆಯ ಮಕ್ಕಳಿಗೆ ಇದು ಗೊತ್ತಿರಲೇಬೇಕು. 1980ರ ದಶಕದಲ್ಲಿ ಅದೇ ಗಣಿಯಲ್ಲಿ 140 ಟನ್ ಕಬ್ಬಿಣ ಜೋಡಿಸಿ, ಪರಮಾಣುವಿನ ಒಳಗಿರುವ ಪ್ರೋಟಾನ್ ಎಂಬ ಕಣ ತಾನಾಗಿ ಒಡೆಯುತ್ತದಾ ಅಂತ ಕಾದರು. ಒಡೆಯಬೇಕು ಅಂತ ಬಹಳ ಅಂದವಾದ ಒಂದು ಲೆಕ್ಕ ಹೇಳುತ್ತಿತ್ತು. ಅದಕ್ಕಿಂತ ಎಷ್ಟೋ ದೊಡ್ಡ ಸಾಧನಗಳು ಜಪಾನಿನಲ್ಲಿ ಕಾದಿವೆ. ಇವತ್ತಿಗೂ ಅದು ಒಡೆದದ್ದು ಖಚಿತವಾಗಿ ಕಂಡಿಲ್ಲ. ಲೆಕ್ಕ ಅಂದವಾಗಿದೆ ಅಂದ ಮಾತ್ರಕ್ಕೆ ಪ್ರಕೃತಿ ಒಪ್ಪಬೇಕಾಗಿಲ್ಲ.

ಎಐ ಬಂದ ಮೇಲೆ ಪ್ರಯೋಗ ಯಾಕೆ ಸಾರ್ ಅಂತ ಕೇಳುವ ಮಕ್ಕಳಿಗೂ ಒಂದು ಮಾತು. ಪ್ರೋಟೀನಿನ ಆಕಾರವನ್ನು ಕಂಪ್ಯೂಟರಿನಲ್ಲೇ ಊಹಿಸುವ ಆಲ್ಫಾಫೋಲ್ಡ್ ಎಂಬ ಎಐಗಾಗಿ 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಅದು ಕಲಿತದ್ದು ಯಾವುದರಿಂದ? ಪ್ರಯೋಗಶಾಲೆಗಳಲ್ಲಿ ಒಂದೊಂದಾಗಿ ಅಳೆದು, 1971ರಿಂದ ಒಂದೇ ಕಡೆ ಕೂಡಿಟ್ಟ ಆಕಾರಗಳಿಂದ. ಅದನ್ನು ಪರೀಕ್ಷೆ ಮಾಡಿದ್ದು ಹೇಗೆ? ಅಳೆದ ಆಕಾರವನ್ನು ಗುಟ್ಟಾಗಿಟ್ಟು, ಮೊದಲು ಊಹೆ ಕೇಳಿ, ಆಮೇಲೆ ಹೋಲಿಸಿ. ನಮ್ಮ ಹುಳು ಮನೆಯ ಆ ಎರಡು ರಾತ್ರಿಯ ಹಾಗೇ! ಗೌರಿಬಿದನೂರಿನ ರೇಡಿಯೊ ದೂರದರ್ಶಕದ ಬಗ್ಗೆಯೂ ಹೇಳಬೇಕು ಅಂತಿದ್ದೆ, ಅದಕ್ಕೆ ಇವತ್ತು ಹೊತ್ತಿಲ್ಲ.

ನಿಮಗೆ ಒಂದು ಕೆಲಸ ಕೊಡುತ್ತೇನೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. 30-40 ಸೈಟಿನ ತುಂಬಾ ಇರುವ ತಾರಸಿ ಸುಮಾರು 111 ಚದರ ಮೀಟರ್. ಹತ್ತು ಮಿಲಿಮೀಟರ್ ಮಳೆಗೆ 1,100 ಲೀಟರ್ ಸಂಪಿಗೆ ಬರಬೇಕು, ಇದು ಲೆಕ್ಕ. ಮುಂದಿನ ಮಳೆಗೆ ಸಂಪಿನ ನೀರು ಎಷ್ಟು ಇಂಚು ಏರಿತು ಅಂತ ಕೋಲು ಇಳಿಸಿ ನೋಡಿ, ಸಂಪಿನ ಉದ್ದ ಅಗಲ ಹಿಡಿದು ಅದನ್ನು ಲೀಟರಿಗೆ ತಿರುಗಿಸಿ. ಕಡಿಮೆ ಇರುತ್ತದೆ. ಎಷ್ಟು ಕಡಿಮೆ, ಯಾಕೆ ಕಡಿಮೆ ಅಂತ ಮನೆಯಲ್ಲಿ ಎಲ್ಲರೂ ಕೂತು ಹುಡುಕಿ. ಎಷ್ಟು ಮಿಲಿಮೀಟರ್ ಮಳೆ ಬಂತು ಅಂತ ತಿಳಿಯಲು ಹೊರಗೆ ಒಂದು ಡಬ್ಬ ಇಟ್ಟು ಅದರಲ್ಲಿ ನಿಂತ ನೀರನ್ನು ಅಳೆಯಿರಿ. ಆ ಡಬ್ಬ ಮೇಲಿಂದ ಕೆಳಗೆ ಒಂದೇ ಅಗಲ ಇರಲಿ, ಮರದ ಕೆಳಗೆ ಇಡಬೇಡಿ. ನಮಸ್ಕಾರ.