ಹೇಳಿಕೊಡೋಕೆ ಆಗುತ್ತೆ ಅಂದ್ರೆ ಅದು ಬೀಗ ಅಲ್ಲ!

ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು. ಆದರೆ ಹೋದ ವಿಡಿಯೋದಲ್ಲಿ ನಾನು ಪಾಸ್‌ವರ್ಡ್ ನಂಬಬೇಡಿ, ಪಾಸ್‌ಕೀ (ಫೋನಿನಲ್ಲಿರುವ, ಬೆರಳಚ್ಚು ಅಥವಾ ಪಿನ್ ಕೊಟ್ಟರೆ ಕೆಲಸ ಮಾಡುವ ಡಿಜಿಟಲ್ ಕೀಲಿ) ಬಳಸಿ ಅಂದಿದ್ದಕ್ಕೆ ಕೆಳಗೆ ಒಬ್ಬರು ಬರೆದಿದ್ದಾರೆ: "ನನ್ನ ಪಾಸ್‌ವರ್ಡ್ 22 ಅಕ್ಷರ ಇದೆ, ಜೊತೆಗೆ ಒಟಿಪಿ ಬರುತ್ತೆ. ಸುಮ್ನೆ ಹೆದರಿಸಬೇಡಿ." ಆ ಕಾಮೆಂಟಿಗೆ ಬಂದಷ್ಟು ಲೈಕ್ ನನ್ನ ವಿಡಿಯೋಗೂ ಬಂದಿಲ್ಲ! ಅದೇ ಹೊಟ್ಟೆಯುರಿ, ಒಪ್ಪಿಕೊಳ್ಳುತ್ತೇನೆ.

ನಾನು ಹೇಳೋದು ಒಂದೇ ಮಾತು. ಇನ್ನೊಬ್ಬರಿಗೆ ಹೇಳಿಕೊಡಲು ಆಗುವಂಥದ್ದು ಯಾವುದೂ ಬೀಗ ಅಲ್ಲ. 22 ಅಕ್ಷರ ಇರಲಿ, 220 ಇರಲಿ. ಕಳ್ಳ ಊಹೆ ಮಾಡುತ್ತಾ ಕೂರುವುದಿಲ್ಲ, ನಿಮ್ಮ ಕೈಯಲ್ಲೇ ಟೈಪ್ ಮಾಡಿಸುತ್ತಾನೆ.

ಹೇಗೆ ಅಂತೀರಾ? ಒಂದು ಲಿಂಕ್ ಬರುತ್ತದೆ. ಒತ್ತಿದರೆ ಅದೇ ಲಾಗಿನ್ ಪುಟ, ಅದೇ ಬಣ್ಣ, ಅದೇ ಲೋಗೋ. ಮೇಲಿನ ವಿಳಾಸದಲ್ಲಿ ಮಾತ್ರ 'ಎಲ್' ಇರಬೇಕಾದ ಜಾಗದಲ್ಲಿ ಅಂಕಿ 1 ಕೂತಿದೆ. ನೀವು ಪಾಸ್‌ವರ್ಡ್ ಹಾಕಿದಿರಿ, ಆ ಪುಟ ಅದನ್ನು ತಕ್ಷಣ ಅಸಲಿ ಸೈಟಿಗೆ ದಾಟಿಸಿತು. ಅಸಲಿ ಸೈಟ್ ಒಟಿಪಿ ಕಳಿಸಿತು. ನೀವು ಅದನ್ನೂ ಹಾಕಿದಿರಿ, ಅದೂ ದಾಟಿತು. ಮುಗೀತು ಕಥೆ! ಫೋನಿನಲ್ಲೇ ಲಾಗಿನ್ ಕೋಡ್ ತೋರಿಸುವ ಆಥೆಂಟಿಕೇಟರ್ ಆ್ಯಪಿನ ಕೋಡ್ 30 ಸೆಕೆಂಡಿಗೊಮ್ಮೆ ಬದಲಾಗುತ್ತಲ್ಲ ಅಂತ ಇನ್ನೊಬ್ಬರು. ಸ್ವಾಮೀ, ಅಷ್ಟು ಹೊತ್ತಲ್ಲಿ ಆ ಪುಟ ನಾಲ್ಕು ಸಲ ಲಾಗಿನ್ ಆಗುತ್ತೆ.

ಇನ್ನು ಎಸ್ಎಂಎಸ್ ನಂಬುವವರಿಗೆ: 2019ರಲ್ಲಿ ಟ್ವಿಟರ್ ಮುಖ್ಯಸ್ಥ ಜ್ಯಾಕ್ ಡಾರ್ಸಿ ಅವರ ಫೋನ್ ನಂಬರನ್ನೇ ಕಳ್ಳರು ಎಗರಿಸಿ, ಎಸ್ಎಂಎಸ್ ಮೂಲಕವೇ ಅವರ ಖಾತೆಯಿಂದ ಟ್ವೀಟ್ ಮಾಡಿದರು. ಕಂಪನಿ ಯಜಮಾನನ ಗತಿಯೇ ಇದು!

ಪಾಸ್‌ಕೀ ಹಾಗಲ್ಲ. ಅದರ ಗುಟ್ಟಿನ ಕೀಲಿ ಸೈಟಿಗೆ ಹೋಗುವುದೇ ಇಲ್ಲ. ಸೈಟ್ ಪ್ರತಿ ಸಲ ಒಂದು ಹೊಸ ಸವಾಲು, ಅಂದ್ರೆ ಆ ಸಲಕ್ಕೆ ಮಾತ್ರದ ಒಂದು ಸಂಕೇತ, ಕಳಿಸುತ್ತದೆ, ಫೋನ್ ಆ ಕೀಲಿಯಿಂದ ಅದಕ್ಕೆ ಡಿಜಿಟಲ್ ಸಹಿ ಹಾಕಿ ಕೊಡುತ್ತದೆ. ವಿಳಾಸ ಬೇರೆ ಇದ್ದರೆ ಸಹಿ ಇಲ್ಲ. ನಿಮ್ಮ ಕಣ್ಣು ಆ 1 ನೋಡಿ ಮೋಸ ಹೋಗಬಹುದು, ಪಾಸ್‌ಕೀ ಹೋಗಲ್ಲ. ಕಳ್ಳ ಫೋನ್ ಮಾಡಿ ಗೋಗರೆದರೂ ನಿಮ್ಮ ಹತ್ತಿರ ಓದಿ ಹೇಳೋಕೆ ಏನೂ ಇರಲ್ಲ! 2022ರಲ್ಲಿ ಆ್ಯಪಲ್, ಗೂಗಲ್, ಮೈಕ್ರೋಸಾಫ್ಟ್ ಮೂವರೂ ಸೇರಿ ಇದಕ್ಕೆ ಬೆಂಬಲ ಕೊಡುತ್ತೇವೆ ಅಂದರು. ಚಾರ್ಜರ್ ವಿಷಯದಲ್ಲೇ ವರ್ಷಗಟ್ಟಲೆ ಒಂದಾಗದವರು ಸ್ವಾಮೀ ಇವರು!

"ನನ್ನ ಬೆರಳಚ್ಚು ಸೈಟಿನವರಿಗೆ ಸಿಗುತ್ತಲ್ಲ?" ಸಿಗಲ್ಲ. ಅದು ಫೋನಿನಲ್ಲೇ ಉಳಿಯುತ್ತೆ. "ಫೋನ್ ಕಳೆದುಹೋದರೆ?" ಇನ್ನೊಂದು ಸಾಧನದಲ್ಲೂ ಪಾಸ್‌ಕೀ ಮಾಡಿಡಿ, ಫೋನ್ ಇಲ್ಲದಾಗ ಒಳಹೋಗಲು ಸೈಟ್ ಬ್ಯಾಕಪ್ ಕೋಡ್ ಕೊಟ್ಟರೆ ಕಾಗದದಲ್ಲಿ ಬರೆದಿಡಿ. "ಕಾಗದ ಕಳೆದುಹೋದರೆ?" ಅಯ್ಯೋ, ನೀವೇ ಕಳೆದುಹೋದರೆ ಏನ್ ಮಾಡೋದು!

ಹೇಳಿಕೊಡೋಕೆ ಆಗುತ್ತಾ? ಹಾಗಾದ್ರೆ ಬೀಗ ಅಲ್ಲ. ಅಲ್ಲ ಅಂದ್ರೆ ಅಲ್ಲ. 22 ಅಕ್ಷರದವರೇ, ಕೇಳಿಸ್ತಾ? ಸಬ್‌ಸ್ಕ್ರೈಬ್ ಆದರೂ ಮಾಡಿ. ನಾನು ಹೊರಟೆ, ನನ್ನ ಬ್ಯಾಕಪ್ ಕೋಡಿನ ಕಾಗದ ಎಲ್ಲಿಟ್ಟಿದ್ದೀನೋ ಹುಡುಕಬೇಕು.